ಭದ್ರಾವತಿ, ಶಿವಮೊಗ್ಗದ ಹಳೇ ಕಾರ್ಖಾನೆ ಜಾಗ: ಮೊದಲು ಮಣ್ಣು ಪರೀಕ್ಷೆ ಆಗಲಿ, ಆ ಖರ್ಚು ಸರ್ಕಾರ ಹಾಕಲಿ

ಭದ್ರಾ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಮುಚ್ಚಿದ ಕಾರ್ಖಾನೆಗಳ ಮಾತು ಬಂದರೆ ಎರಡೇ ಪ್ರಶ್ನೆ. ಫ್ಯಾಕ್ಟರಿ ಮತ್ತೆ ಶುರುವಾಗುತ್ತಾ? ಇಲ್ಲಾಂದ್ರೆ ಆ ಜಾಗ ಯಾರ ಪಾಲಾಗುತ್ತೆ? ಆ ಮಣ್ಣಿನಲ್ಲಿ ಏನಿದೆ ಅಂತ ಕೇಳುವವರು ಬಹಳ ಕಡಿಮೆ. ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಉಕ್ಕಿನ ಕಾರ್ಖಾನೆ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ (ಉಕ್ಕನ್ನು ಉರುಳೆಗಳ ನಡುವೆ ಒತ್ತಿ ಆಕಾರ ಕೊಡುವ ಕೆಲಸ) ಮತ್ತೆ ಶುರುವಾಯಿತು. ಇವೆರಡು ದೊಡ್ಡವು, ಎಲ್ಲರ ಬಾಯಲ್ಲೂ ಇವೆ. ಇವಲ್ಲದೆ ಬಾಗಿಲು ಹಾಕಿದ ಸಣ್ಣ ಫೌಂಡ್ರಿ, ಗ್ಯಾರೇಜು, ಹಳೇ ಡಿಪೋ, ಗುಜರಿ ಅಂಗಳಗಳೂ ಊರಿನ ಒಳಗೇ ಇವೆ, ಅವುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ.

ನಾನು ಹೇಳುವುದು ಇಷ್ಟೇ. ಇಂಥ ಜಾಗವನ್ನು ಮಾರುವ, ಹಂಚುವ, ಲೇಔಟ್ ಮಾಡುವ ಮಾತಿಗೆ ಮುಂಚೆ ಮಣ್ಣು ಮತ್ತು ಅಂತರ್ಜಲದ ಪರೀಕ್ಷೆ ಆಗಬೇಕು. ಆ ಪರೀಕ್ಷೆಯ ಖರ್ಚನ್ನು ಸರ್ಕಾರ ಹಾಕಬೇಕು. ವರದಿ ಎಲ್ಲರ ಕೈಗೂ ಸಿಗಬೇಕು. ಅಮೆರಿಕದಲ್ಲಿ ಇದಕ್ಕೆ ಅಂತಲೇ ಒಂದು ಕಾರ್ಯಕ್ರಮ ಇದೆ. 1995ರಲ್ಲಿ ಸಣ್ಣ ಪ್ರಯೋಗವಾಗಿ ಶುರುವಾಯಿತು, 2002ರಲ್ಲಿ ಕಾನೂನೇ ಆಯಿತು. ಹಳೇ ಕಾರ್ಖಾನೆ ಜಾಗ ಪರೀಕ್ಷೆ ಮಾಡಿಸಲು ಅಲ್ಲಿನ ಪರಿಸರ ಇಲಾಖೆ ಊರಿನ ಆಡಳಿತಕ್ಕೇ ಅನುದಾನ ಕೊಡುತ್ತದೆ. ಶುಚಿ ಮಾಡಲು ಬೇರೆ ಅನುದಾನ, ಸಾಲ ಕೊಟ್ಟು ವಾಪಸ್ ಬಂದ ದುಡ್ಡನ್ನು ಮತ್ತೆ ಸಾಲ ಕೊಡುವ ನಿಧಿ ಬೇರೆ. 2021ರ ಮೂಲಸೌಕರ್ಯ ಕಾನೂನಿನಲ್ಲಿ ಈ ಒಂದು ಕೆಲಸಕ್ಕೇ 150 ಕೋಟಿ ಡಾಲರ್ ಎತ್ತಿಟ್ಟರು. ನಮ್ಮಲ್ಲಿ ಅಷ್ಟು ಬೇಡ, ಜಿಲ್ಲಾ ಮಟ್ಟದಲ್ಲಿ ಪರೀಕ್ಷೆಗೆ ಅಂತ ಒಂದು ಸಣ್ಣ ನಿಧಿ ಇದ್ದರೂ ಸಾಕು. ನೀವೇನಂತೀರಿ?

ಗೋಪಾಳದವ:
ಒಪ್ಪಲ್ಲ ಸರ್. ದಶಕಗಟ್ಟಲೆ ಲಾಭ ತಗೊಂಡವರು ಅವರು, ಹೊಲಸು ಮಾಡಿದವರು ಅವರು, ಈಗ ಪರೀಕ್ಷೆ ಖರ್ಚು ನನ್ನ ತೆರಿಗೆಯಿಂದ ಯಾಕೆ? ಹೊಲಸು ಮಾಡಿದವನೇ ತೊಳೀಬೇಕು. ಸರ್ಕಾರ ದುಡ್ಡು ಕೊಡುತ್ತೆ ಅಂತ ಗೊತ್ತಾದರೆ ನಾಳೆ ಎಲ್ಲರೂ ಹೊಲಸು ಬಿಟ್ಟು ಬೀಗ ಹಾಕಿಕೊಂಡು ಹೋಗುತ್ತಾರೆ.

ಸಾಗರದ ವಕೀಲೆ:
ಗೋಪಾಳದವರ ಸಿಟ್ಟು ನ್ಯಾಯವಾದದ್ದೇ. ಆದರೆ ಯಾರು ಹೊಲಸು ಮಾಡಿದರು ಅಂತ ಸಾಬೀತು ಮಾಡುವುದು ಹೇಗೆ? ವರದಿ ಕೈಯಲ್ಲಿಲ್ಲದೆ ನೋಟಿಸ್ ಕೊಟ್ಟರೆ ಮೊದಲ ವಿಚಾರಣೆಯಲ್ಲೇ ಬಿದ್ದುಹೋಗುತ್ತದೆ. ಎದುರು ಪಾರ್ಟಿ ವಕೀಲರು ಕೇಳುವ ಮೊದಲ ಪ್ರಶ್ನೆ, ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಎಷ್ಟು ಆಳ, ನಮ್ಮದೇ ಅಂತ ಏನು ಆಧಾರ. ಪರೀಕ್ಷೆಗೆ ಹಾಕಿದ ಸರ್ಕಾರದ ದುಡ್ಡೇ ಆಮೇಲೆ ತಪ್ಪಿತಸ್ಥರಿಂದ ವಸೂಲಿ ಮಾಡಲು ದಾರಿ ಮಾಡಿಕೊಡುತ್ತದೆ. ಅಮೆರಿಕದಲ್ಲೂ ಶುಚಿ ಮಾಡುವ ಅನುದಾನ ಹೊಲಸು ಮಾಡಿದವರಿಗೆ ಸಿಗುವುದಿಲ್ಲ. ಅರ್ಜಿ ಹಾಕುವವರು ಆ ಮಾಲಿನ್ಯಕ್ಕೆ ಹೊಣೆಗಾರರಾಗಿರಬಾರದು ಅನ್ನುವುದು ಅಲ್ಲಿನ ಷರತ್ತು.

ಇನ್ನೊಂದು ವಿಷಯ ಇಲ್ಲಿ ಎಷ್ಟು ಜನರಿಗೆ ಗೊತ್ತೋ. ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಮಲಿನ ಜಾಗಗಳ ನಿರ್ವಹಣೆಗೆ ಅಂತಲೇ ನಿಯಮ ತಂದಿದೆ. ಅದರ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ತನ್ನ ವ್ಯಾಪ್ತಿಯ ಶಂಕಿತ ಮಲಿನ ಜಾಗಗಳ ಪಟ್ಟಿ ಕೊಡಬೇಕು. ಪಟ್ಟಿಗೆ ಬಂದ ಜಾಗವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಅಥವಾ ಗೊತ್ತುಪಡಿಸಿದ ತಜ್ಞ ಸಂಸ್ಥೆ 90 ದಿನದೊಳಗೆ ಪ್ರಾಥಮಿಕವಾಗಿ ನೋಡಬೇಕು. ಅನುಮಾನ ನಿಜ ಅನ್ನಿಸಿದರೆ ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸರ್ವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಲ್ಲಿ ಹೆಸರಿಸಿದ 189 ರಾಸಾಯನಿಕಗಳಲ್ಲಿ ಯಾವುದಾದರೂ ಮಿತಿ ಮೀರಿದ್ದರೆ ಆ ಜಾಗವನ್ನು ಬಹಿರಂಗವಾಗಿ ಪ್ರಕಟಿಸಿ, ಅಲ್ಲಿ ಓಡಾಟಕ್ಕೆ ನಿರ್ಬಂಧ ಹಾಕಬೇಕು. ಹೊಣೆ ಯಾರದು ಅಂತ ಹುಡುಕಲು ಮಂಡಳಿಗೆ 90 ದಿನ ಸಮಯ. ಹೊಣೆಗಾರರು ಸಿಕ್ಕರೆ ಖರ್ಚು ಅವರದು. ಸಿಗದಿದ್ದರೆ, ಅಥವಾ ಕೊಡುವ ಶಕ್ತಿ ಅವರಿಗೆ ಇಲ್ಲದಿದ್ದರೆ, ಕೇಂದ್ರ ಮತ್ತು ರಾಜ್ಯ ಸೇರಿ ಖರ್ಚಿನ ವ್ಯವಸ್ಥೆ ಮಾಡಬೇಕು.

ಕೊರತೆಯೂ ಇದೆ, ಅದನ್ನೂ ಹೇಳಬೇಕು. ಮಲಿನ ಅಂತ ತೀರ್ಮಾನ ಆದಮೇಲೆ ಇಷ್ಟು ವರ್ಷದೊಳಗೆ ಶುಚಿ ಮಾಡಿ ಮುಗಿಸಬೇಕು ಅನ್ನುವ ಗಡುವು ನಿಯಮದಲ್ಲಿ ಇಲ್ಲ. ಗಣಿಗಾರಿಕೆಯ ಮಾಲಿನ್ಯವನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಕುದುರೆಮುಖದ ಲಕ್ಯಾ ಅಣೆಕಟ್ಟಿನಲ್ಲಿ ತುಂಬಿರುವ ಹೂಳು, ಕೆಜಿಎಫ್‌ನ ಸೈನೈಡ್ ದಿಬ್ಬ ಇದರಡಿ ಬರುವುದಿಲ್ಲ. ಆದರೆ ಕಾರ್ಖಾನೆ ಜಾಗ ಬರುತ್ತದೆ. ಜಿಲ್ಲೆಯ ಪಟ್ಟಿಗೆ ಜಾಗ ಸೇರಿಸಿ ಅಂತ ಡಿಸಿಯವರಿಗೆ ಅರ್ಜಿ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಗೋಪಾಳದವ:
ಮೇಡಂ, ವಸೂಲಿಯ ಮಾತು ಸರಿ ಅನ್ನಿಸಿತು. ಆದರೆ ನಿಯಮ ಇದೆ ಅಂದರೆ ಕೆಲಸ ಆಗುತ್ತೆ ಅಂತ ಏನು ಗ್ಯಾರಂಟಿ? ದೇಶದಲ್ಲಿ ಎಲ್ಲಾದರೂ ಶುಚಿ ಮಾಡಿದ ಉದಾಹರಣೆ ಇದೆಯಾ?

ಸಾಗರದ ವಕೀಲೆ:
ಇದೆ, ಆದರೆ ಬಹಳ ಕಡಿಮೆ. ನಿಯಮ ಬಂದ ಹೊತ್ತಿಗೆ ದೇಶದಲ್ಲಿ ಗುರುತಿಸಿದ್ದ ಮಲಿನ ಜಾಗ 103, ಶುಚಿ ಕೆಲಸ ಶುರುವಾಗಿದ್ದು 7ರಲ್ಲಿ ಮಾತ್ರ. ಭೋಪಾಲ್ ನೋಡಿ. ದುರಂತ ಆಗಿದ್ದು 1984ರಲ್ಲಿ. ಆ ಕಾರ್ಖಾನೆಯಲ್ಲಿ ಬಿದ್ದಿದ್ದ 337 ಟನ್ ವಿಷದ ಕಸವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ. ಸುಟ್ಟು ಮುಗಿಸಿದ್ದು ಅದೇ ವರ್ಷದ ಮಧ್ಯಭಾಗದಲ್ಲಿ. 40 ವರ್ಷ ಆಯಿತು. ಅದೂ ನೆಲದ ಮೇಲೆ ಕೂಡಿಟ್ಟಿದ್ದ ಕಸ ಅಷ್ಟೇ, ಸುತ್ತಲಿನ ಮಣ್ಣು, ಅಂತರ್ಜಲದ ಸಮಸ್ಯೆ ಇನ್ನೂ ಹಾಗೇ ಇದೆ. ತಡ ಮಾಡಿದರೆ ಏನಾಗುತ್ತೆ ಅಂತ ತಿಳಿಯಲು ಇದಕ್ಕಿಂತ ಬೇರೆ ಬೇಕಾ?

ನಿವೃತ್ತ ಫಿಟ್ಟರ್:
ನಾನು ಕೆಲಸ ಮಾಡಿದ ಫ್ಯಾಕ್ಟರಿ ಹೆಸರು ಬೇಡ. ಈಗ ಅದು ಇಲ್ಲ, ಶೆಡ್ಡಿನ ಕಂಬ ಮಾತ್ರ ನಿಂತಿವೆ. ಮುಚ್ಚಿದ ಮೇಲೆ ಹರಾಜಿನಲ್ಲಿ ಗುಜರಿಯವರು ಬಂದರು. ಹಿಂದುಗಡೆ ಎರಡು ಹಳೇ ಟ್ರಾನ್ಸ್‌ಫಾರ್ಮರ್ ಇದ್ದವು. ಅವರಿಗೆ ಬೇಕಾಗಿದ್ದು ಒಳಗಿನ ತಾಮ್ರ. ಗ್ಯಾಸ್ ಕಟರ್ ಹಿಡಿದರೆ ಎಣ್ಣೆಗೆ ಬೆಂಕಿ ಹತ್ತುತ್ತೆ ಅಂತ ಕೆಳಗಿನ ವಾಲ್ವ್ ಬಿಚ್ಚಿ ಎಣ್ಣೆಯನ್ನು ಪೂರ್ತಿ ನೆಲಕ್ಕೆ ಬಿಟ್ಟರು. ಚರಂಡಿ ತನಕ ಕಪ್ಪಗೆ ಹರಿದು ನಿಂತಿತು. ಮೇಲೆ ಎರಡು ಬುಟ್ಟಿ ಮಣ್ಣು ಎಳೆದರು, ಮುಗೀತು. ಆಮೇಲೆ ಎಷ್ಟೋ ಮಳೆಗಾಲ ಅಲ್ಲಿ ಹುಲ್ಲು ಹುಟ್ಟಲಿಲ್ಲ, ಸುತ್ತ ಎಲ್ಲ ಪಾರ್ಥೇನಿಯಂ ಎದೆಮಟ್ಟ ಬೆಳೆದಿದ್ದರೂ ಅಷ್ಟಗಲ ಜಾಗ ಮಾತ್ರ ಬೋಳು.

ಆ ಎಣ್ಣೆಯಲ್ಲಿ ಏನಿತ್ತು ನನಗೆ ಗೊತ್ತಿಲ್ಲ. ಪರೀಕ್ಷೆ ಮಾಡಿದವರು ಯಾರೂ ಇಲ್ಲ. ನಾನು ಹೇಳುವುದೇನೆಂದರೆ, ಎಲ್ಲಿ ಅಗೆದು ನೋಡಬೇಕು ಅನ್ನುವುದು ನಮ್ಮಂಥ ಹಳಬರಿಗೆ ಗೊತ್ತು. ಆಸಿಡ್ ತೊಟ್ಟಿ ಎಲ್ಲಿತ್ತು, ಬೂದಿ ಎಲ್ಲಿ ಸುರಿಯುತ್ತಿದ್ದರು, ಯಾವ ಮೋರಿ ಹೊಳೆಗೆ ಹೋಗುತ್ತಿತ್ತು, ಇದು ಯಾವ ಕಡತದಲ್ಲೂ ಸಿಗುವುದಿಲ್ಲ. ನಮ್ಮ ಬ್ಯಾಚಿನವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೇಳುವುದಿದ್ದರೆ ಈಗಲೇ ಕೇಳಿ.

ಲ್ಯಾಬ್ ಕೆಲಸದವ:
ಫಿಟ್ಟರ್ ಸರ್, ನೀವು ಹೇಳಿದ್ದು ಈ ಚರ್ಚೆಯಲ್ಲೇ ಬಹಳ ಮುಖ್ಯ. ಪರೀಕ್ಷೆಯ ಮೊದಲ ಹಂತ ಅಂದರೆ ಅದೇ. ಮಣ್ಣು ಮುಟ್ಟುವ ಮುಂಚೆ ಹಳೇ ನಕ್ಷೆ, ಖರೀದಿ ದಾಖಲೆ ನೋಡಬೇಕು, ಕೆಲಸ ಮಾಡಿದವರನ್ನು ಮಾತಾಡಿಸಬೇಕು, ಜಾಗದಲ್ಲಿ ನಡೆದಾಡಿ ನೋಡಬೇಕು. ಇದಕ್ಕೆ ಖರ್ಚು ಕಡಿಮೆ. ಎರಡನೇ ಹಂತದಲ್ಲಿ ಮಾತ್ರ ಡ್ರಿಲ್ಲಿಂಗ್, ಸ್ಯಾಂಪಲ್, ಲ್ಯಾಬ್ ಬಿಲ್. ಮೊದಲ ಹಂತ ಸರಿಯಾಗಿ ಮಾಡಿದರೆ ಎರಡನೆಯದರಲ್ಲಿ ದುಡ್ಡು ಉಳಿಯುತ್ತದೆ. ಇಲ್ಲಾಂದ್ರೆ ಇಡೀ ಜಾಗಕ್ಕೆ ಚೌಕ ಹಾಕಿ ಕಂಡಕಂಡಲ್ಲಿ ಅಗೆಯಬೇಕು.

ಟ್ರಾನ್ಸ್‌ಫಾರ್ಮರ್ ಎಣ್ಣೆ ಬಗ್ಗೆ. ಹಳೇ ಕಾಲದ ಕೆಲವು ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್‌ಗಳಲ್ಲಿ ಪಿಸಿಬಿ ಅನ್ನುವ ರಾಸಾಯನಿಕ ಬಳಸುತ್ತಿದ್ದರು. ಬೇಗ ಕರಗಿ ಹೋಗುವ ವಸ್ತುವಲ್ಲ, ಮಣ್ಣಿನಲ್ಲಿ ದಶಕಗಟ್ಟಲೆ ಇರುತ್ತದೆ, ಮೀನಿನ ಕೊಬ್ಬಿನಲ್ಲಿ ಸೇರುತ್ತದೆ. ನಮ್ಮ ದೇಶದಲ್ಲಿ 2016ರ ಆದೇಶದ ಪ್ರಕಾರ 2025ರ ಡಿಸೆಂಬರ್ 31ರೊಳಗೆ ಇದರ ಬಳಕೆ ನಿಲ್ಲಬೇಕಿತ್ತು. ಎಲ್ಲ ಎಣ್ಣೆಯಲ್ಲೂ ಇದು ಇರುವುದಿಲ್ಲ, ಅದಕ್ಕೇ ಪರೀಕ್ಷೆ ಬೇಕು. ಉಕ್ಕು, ಲೋಹದ ಕೆಲಸ ನಡೆದ ಕಡೆ ಸಾಮಾನ್ಯವಾಗಿ ನೋಡುವುದು ಸೀಸ, ಸತು, ಕ್ರೋಮಿಯಂ, ಎಣ್ಣೆ. ಕಟ್ಟಿಗೆ ಸುಟ್ಟು ಇದ್ದಿಲು ಮಾಡಿ ಟಾರ್ ತೆಗೆದ ಕಡೆ ಫೀನಾಲ್ ಮತ್ತು ಟಾರಿನ ಜಾತಿಯ ವಸ್ತುಗಳು. 1918ರಲ್ಲಿ ಭದ್ರಾವತಿಯಲ್ಲಿ ಈಗಿನ ಉಕ್ಕಿನ ಕಾರ್ಖಾನೆಯ ಕೆಲಸ ಶುರುವಾದಾಗ ಅದರ ಹೆಸರಿನಲ್ಲೇ ಕಟ್ಟಿಗೆ ಬಟ್ಟಿ ಇಳಿಸುವುದೂ ಇತ್ತು, ವಿಶ್ವೇಶ್ವರಯ್ಯನವರ ಯೋಜನೆ ಅದು. ಕಾಡಿನ ಕಟ್ಟಿಗೆಯಿಂದ ಇದ್ದಿಲು, ಜೊತೆಗೆ ಟಾರ್, ಮರದ ಸ್ಪಿರಿಟ್. ಅಲ್ಲಿ ಮಾಲಿನ್ಯ ಇದೆ ಅಂತ ನಾನು ಹೇಳುತ್ತಿಲ್ಲ. ಏನನ್ನು ಹುಡುಕಬೇಕು ಅಂತ ಇತಿಹಾಸದಿಂದ ಗೊತ್ತಾಗುತ್ತದೆ ಅಂತ ಹೇಳುತ್ತಿದ್ದೇನೆ.

ಮಲೆನಾಡಿನ ಮಣ್ಣಿನ ವಿಷಯ ಒಂದಿದೆ, ಇದನ್ನು ಬೆಂಗಳೂರಿನ ಕನ್ಸಲ್ಟೆಂಟ್ ಬಂದರೂ ನಾವು ಒತ್ತಿ ಹೇಳಬೇಕು. ನಮ್ಮ ನೆಲದಲ್ಲಿ ಕಬ್ಬಿಣ, ಮ್ಯಾಂಗನೀಸ್ ಮೊದಲೇ ಜಾಸ್ತಿ. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿದ್ದದ್ದು, ಕುಂಸಿಯಲ್ಲಿ ಮ್ಯಾಂಗನೀಸ್ ತೆಗೆದದ್ದು ಸುಮ್ನೆ ಅಲ್ಲ. ಹಾಗಾಗಿ ಕಾರ್ಖಾನೆ ಒಳಗಿನ ಸ್ಯಾಂಪಲ್ ಜೊತೆ, ಕಾರ್ಖಾನೆಯ ಗಾಳಿ, ನೀರು ತಾಗದ ದೂರದ ಜಾಗದ ಸ್ಯಾಂಪಲ್ ಕೂಡ ತೆಗೆಯಲೇಬೇಕು. ಎರಡನ್ನೂ ಹೋಲಿಸಿದರೆ ಮಾತ್ರ ಯಾವುದು ಪ್ರಕೃತಿಯದು, ಯಾವುದು ಕಾರ್ಖಾನೆಯದು ಅಂತ ತಿಳಿಯುವುದು. ಆಮೇಲೆ ನಮ್ಮ ಕೆಂಪು ಮಣ್ಣು ಹುಳಿ ಸ್ವಭಾವದ್ದು. ಹುಳಿ ಮಣ್ಣಿನಲ್ಲಿ ಸತು, ಕ್ಯಾಡ್ಮಿಯಂ ಥರದ ಲೋಹ ಜಾಸ್ತಿ ಸುಲಭವಾಗಿ ನೀರಿಗೆ ಇಳಿಯುತ್ತವೆ. ಜಂಬಿಟ್ಟಿಗೆ ಕಲ್ಲಿನಲ್ಲಿ ತೂತು ಬಹಳ, ನೀರು ಎಲ್ಲಿ ಇಳಿದು ಎಲ್ಲಿ ಏಳುತ್ತದೆ ಅಂತ ಮೇಲಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಸುತ್ತಲಿನ ಬಾವಿ, ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ನೋಡಬೇಕು.

ಜನ್ನಾಪುರದವ:
ನಿಮ್ಮೆಲ್ಲರ ಮಾತು ಸರಿ ಇರಬಹುದು. ಆದರೆ ನಮಗೆ ಬೇಕಾಗಿರುವುದು ಕೆಲಸ ಮಾರಾಯ್ರೇ. ಕಾರ್ಖಾನೆ ಉಳಿಸಿಕೊಳ್ಳಲು ಊರಿಗೆ ಊರೇ ಬೀದಿಗೆ ಬಂದಿದೆ. ಈಗ ನೀವು ಮಣ್ಣಲ್ಲಿ ವಿಷ ಇದೆ ಅಂತ ಬೋರ್ಡ್ ಹಾಕಿಸಿದರೆ ಬಂಡವಾಳ ಹಾಕುವವರು ಓಡಿಹೋಗುತ್ತಾರೆ. ಮುಚ್ಚಲು ಇದೊಂದು ನೆಪ ಸಿಕ್ಕ ಹಾಗಾಗುತ್ತೆ. ನಮ್ಮ ಮನೆ, ಸೈಟಿನ ಬೆಲೆಯೂ ಬೀಳುತ್ತೆ. ಕ್ವಾರ್ಟರ್ಸ್‌ನಲ್ಲಿ ಇರುವವರ ಗತಿ ಏನು?

ಭದ್ರಾ ದಂಡೆ:
ಅಣ್ಣ, ನಿಮ್ಮ ಭಯ ನನಗೆ ಅರ್ಥವಾಗುತ್ತೆ, ನಮ್ಮ ಮನೆಯಲ್ಲೂ ಎರಡು ತಲೆಮಾರು ಅದೇ ಸೈರನ್‌ಗೆ ಎದ್ದು ಕೆಲಸಕ್ಕೆ ಹೋದವರು. ನಡೆಯುತ್ತಿರುವ ಘಟಕ ನಡೆಯಲಿ, ಇನ್ನೂ ಜಾಸ್ತಿ ನಡೆಯಲಿ. ನಾನು ಕೇಳುತ್ತಿರುವುದು ನಿಂತುಹೋಗಿ ಪಾಳುಬಿದ್ದ ಭಾಗಗಳ ಬಗ್ಗೆ, ಬೀಗ ಬಿದ್ದ ಸಣ್ಣ ಘಟಕಗಳ ಬಗ್ಗೆ. ಹೊಸದಾಗಿ ಬಂಡವಾಳ ಹಾಕುವವನಿಗೆ ಹೆದರಿಕೆ ಇರುವುದು ವರದಿಯಿಂದಲ್ಲ. ನಾಳೆ ಅಡಿಪಾಯ ತೆಗೆಯುವಾಗ ಏನು ಸಿಗುತ್ತೋ, ಅದರ ಖರ್ಚು ನನ್ನ ತಲೆ ಮೇಲೆ ಬರುತ್ತೋ ಅನ್ನುವುದರಿಂದ. ಹತ್ತು ಎಕರೆಯಲ್ಲಿ ಒಂದು ಎಕರೆ ಮಾತ್ರ ಕೆಟ್ಟಿದೆ ಅಂತ ಕಾಗದದ ಮೇಲೆ ಬಂದರೆ ಉಳಿದ ಒಂಬತ್ತು ಎಕರೆ ನಾಳೆಯೇ ಬಳಕೆಗೆ ಬರುತ್ತದೆ. ಈಗ ಅನುಮಾನದಲ್ಲಿ ಹತ್ತೂ ಎಕರೆ ಹಾಳುಬಿದ್ದಿದೆ.

ಜರ್ಮನಿಯ ಡುಯಿಸ್‌ಬರ್ಗ್ ಊರಿನಲ್ಲಿ 1985ರಲ್ಲಿ ಒಂದು ಕಬ್ಬಿಣದ ಕಾರ್ಖಾನೆ ಮುಚ್ಚಿತು. ಅದಿರು ಕರಗಿಸುವ ದೊಡ್ಡ ಕುಲುಮೆ, ಬ್ಲಾಸ್ಟ್ ಫರ್ನೇಸ್, ಕೆಡವಲಿಲ್ಲ. ಮಣ್ಣು ಪರೀಕ್ಷೆ ಮಾಡಿ, ಬಹಳ ಕೆಟ್ಟ ಮಣ್ಣನ್ನು ಬೇರೆ ಮಾಡಿ ಮುಚ್ಚಿಟ್ಟು, ಉಳಿದ ಕಡೆ ಗಿಡ ಬೆಳೆಯಲು ಬಿಟ್ಟರು. 1994ರಲ್ಲಿ ಅದು ಸಾರ್ವಜನಿಕ ಉದ್ಯಾನ ಆಯಿತು, ಈಗ ಜನ ಫರ್ನೇಸ್ ಮೇಲೆ ಹತ್ತಿ ಊರು ನೋಡುತ್ತಾರೆ. ಅಲ್ಲಿ ದುಡ್ಡು ಹಾಕಿದ್ದು ಸರ್ಕಾರ. ನಮ್ಮ ಊರು ಹಾಗೇ ಆಗಲಿ ಅಂತಲ್ಲ, ನಮಗೆ ಉದ್ಯೋಗವೇ ಮೊದಲು. ಆದರೆ ಮಲಿನ ಅಂತ ಗೊತ್ತಾದ ಕೂಡಲೇ ಊರಿನ ಬಾಳು ಮುಗಿಯುವುದಿಲ್ಲ. ಕೆಲವು ಕಡೆ ಮೇಲೆ ಗಟ್ಟಿ ಪದರ ಹಾಕಿ ಸೋಲಾರ್ ಪ್ಯಾನೆಲ್ ಕೂರಿಸುತ್ತಾರೆ, ಗೋದಾಮು ಕಟ್ಟುತ್ತಾರೆ. ಯಾವ ಬಳಕೆಗೆ ಎಷ್ಟು ಶುಚಿ ಬೇಕು ಅನ್ನುವುದು ಬೇರೆ ಬೇರೆ.

ಸೈಟ್ ವ್ಯವಹಾರ, ವಿನೋಬನಗರ:
ನಾನು ಸೈಟ್ ಮಾರುವವನು, ನನ್ನ ಅನುಭವ ಹೇಳ್ತೀನಿ. ಗಿರಾಕಿ ಕೇಳುವುದು ಖಾತೆ, ಇಸಿ (ಋಣಭಾರ ಪತ್ರ), ಕನ್ವರ್ಷನ್, ನಗರಾಭಿವೃದ್ಧಿ ಪ್ರಾಧಿಕಾರ ಸೂಡಾದ ಅಪ್ರೂವಲ್. ಬ್ಯಾಂಕಿನವರು ಕೇಳುವುದೂ ಅದೇ. ಮೊದಲು ಇಲ್ಲಿ ಏನಿತ್ತು ಅಂತ ಒಬ್ಬರೂ ಕೇಳಿದ್ದಿಲ್ಲ. ಹರಾಜಿನಲ್ಲಿ ಜಾಗ ತಗೊಂಡರೆ ಇದ್ದಲ್ಲಿ ಇದ್ದ ಹಾಗೇ ಅಂತ ಷರತ್ತು ಇರುತ್ತೆ, ಆಮೇಲೆ ಏನು ಸಿಕ್ಕಿದರೂ ತಗೊಂಡವನ ಹಣೆಬರಹ. ಕೈಗಾರಿಕೆ ಜಾಗ ವಸತಿಗೆ ಬದಲಾಯಿಸಿ ಅಂತ ಅರ್ಜಿ ಹಾಕಿದಾಗ ಮಣ್ಣಿನ ವರದಿ ಕಡ್ಡಾಯ ಮಾಡಿದರೆ ನಮಗೂ ಒಳ್ಳೇದು, ನಾಳೆ ಗಿರಾಕಿ ನಮ್ಮ ಕಾಲರ್ ಹಿಡಿಯೋಲ್ಲ. ಆದರೆ ಎರಡು ಗುಂಟೆ ಗ್ಯಾರೇಜ್ ಜಾಗದವನಿಗೂ ಅಷ್ಟು ಖರ್ಚು ಹಾಕಿ ಅಂದರೆ ಆಗೋದಿಲ್ಲ. ಅಲ್ಲಿ ಸರ್ಕಾರದ ಸಹಾಯ ಬೇಕೇ ಬೇಕು.

ಸಾಗರದ ವಕೀಲೆ:
ನೀವು ಹೇಳಿದ ಹಣೆಬರಹದ ವಿಷಯಕ್ಕೇ ಅಮೆರಿಕದ 2002ರ ಕಾನೂನಿನಲ್ಲಿ ರಕ್ಷಣೆ ಕೊಟ್ಟಿದ್ದಾರೆ. ಕೊಳ್ಳುವ ಮುಂಚೆಯೇ ಕ್ರಮಬದ್ಧವಾಗಿ ಪರೀಕ್ಷೆ ಮಾಡಿಸಿ, ಆಮೇಲೆ ಮಾಲಿನ್ಯ ಹರಡದಂತೆ ನೋಡಿಕೊಂಡವನ ಮೇಲೆ ಹಿಂದಿನವರ ಹೊಣೆ ಹೊರಿಸುವುದಿಲ್ಲ. ಅಲ್ಲಿ 1980ರಲ್ಲಿ ಬಂದ ಕಠಿಣ ಕಾನೂನಿಗೆ ಹೆದರಿ ಹಳೇ ಜಾಗ ಕೊಳ್ಳಲು ಯಾರೂ ಮುಂದೆ ಬರುತ್ತಿರಲಿಲ್ಲ, ಅದಕ್ಕೇ ಈ ತಿದ್ದುಪಡಿ. ನಮ್ಮ ರಾಜ್ಯದಲ್ಲೂ ಇಂಥದ್ದು ಬೇಕು ಅಂತ ಅರ್ಜಿಯಲ್ಲಿ ಸೇರಿಸೋಣ.

ಹೊಳೆಹೊನ್ನೂರು ಕಡೆಯವಳು:
ನಾನು ಕೆಳಗಿನ ಊರಿನವಳು, ಭದ್ರೆ ನಿಮ್ಮಲ್ಲಿಂದ ನಮ್ಮಲ್ಲಿಗೆ ಬಂದು ಆಮೇಲೆ ಕೂಡಲಿಯಲ್ಲಿ ತುಂಗೆ ಜೊತೆ ಸೇರುತ್ತಾಳೆ. ಚರ್ಚೆ ಎಲ್ಲ ಜಾಗದ ಮಾಲೀಕ, ಕೊಳ್ಳುವವ, ಕೆಲಸಗಾರರ ಬಗ್ಗೆ ನಡೆಯುತ್ತಿದೆ. ನೀರು ಬಳಸುವ ನಮ್ಮನ್ನೂ ಲೆಕ್ಕಕ್ಕೆ ತಗೊಳ್ಳಿ. ಕಾಂಪೌಂಡ್ ಒಳಗೆ ಮಾತ್ರ ಪರೀಕ್ಷೆ ಮಾಡಿ ಗೇಟ್ ಹಾಕಿದರೆ ಅರ್ಧ ಕೆಲಸ. ಮೋರಿ ಹೊಳೆಗೆ ಸೇರುವ ಜಾಗದ ಕೆಸರು, ದಂಡೆಯ ತೋಟದ ಮಣ್ಣು, ಬೋರ್ ನೀರು ಎಲ್ಲ ನೋಡಬೇಕು.

ಇನ್ನೊಂದು. ನಮ್ಮ ಮನೆ ಕಟ್ಟುವಾಗ ತಗ್ಗು ತುಂಬಲು ಕಂಟ್ರಾಕ್ಟರ್ ಕಪ್ಪು ಮರಳು ತಂದು ಹಾಕಿದ. ಫೌಂಡ್ರಿಯಲ್ಲಿ ಅಚ್ಚು ಮಾಡಿ ಬಿಸಾಡಿದ ಮರಳು, ಪುಕ್ಕಟೆ ಸಿಗುತ್ತೆ ಅಂದ. ನಮ್ಮ ಅತ್ತೆ ಅದರ ಮೇಲೇ ಬಸಳೆ ಹಂಬು ಹಾಕಿದ್ದಾರೆ. ಅದು ತಿನ್ನಬಹುದಾ ಅಂತ ನಾನು ಯಾರನ್ನು ಕೇಳಲಿ? ಕೊಡೈಕೆನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜು ಊರಿನ ಗುಜರಿ ಅಂಗಡಿಗೆ ಹೋಗಿತ್ತು, ಅದು ಬಯಲಾದ ಮೇಲೆಯೇ 2001ರಲ್ಲಿ ಕಾರ್ಖಾನೆ ಮುಚ್ಚಿದ್ದು. ಮಣ್ಣಿನಲ್ಲಿ ಎಷ್ಟು ಪಾದರಸ ಉಳಿದರೆ ಪರವಾಗಿಲ್ಲ ಅಂತ ಅಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಸಾಕು ಅಂತ ಒಂದು ಕಡೆ, ಅದು ಕಾಡಿನ ಅಂಚು, ಇನ್ನೂ ತುಂಬಾ ಕಡಿಮೆ ಆಗಬೇಕು ಅಂತ ಊರಿನವರು. ಅದೂ ಪಶ್ಚಿಮ ಘಟ್ಟವೇ. ನಮಗೆ ಯಾವ ಮಿತಿ ಅಂತ ತೀರ್ಮಾನಿಸುವಾಗ ನಾವೂ ಕೂತಿರಬೇಕು ಅಲ್ವಾ?

ಲ್ಯಾಬ್ ಕೆಲಸದವ:
ಅಕ್ಕ, ಫೌಂಡ್ರಿ ಮರಳು ಎಲ್ಲವೂ ಕೆಟ್ಟದ್ದಲ್ಲ. ಬರೀ ಜೇಡಿ ಬೆರೆಸಿದ ಮರಳಾದರೆ ಅಷ್ಟು ತೊಂದರೆ ಇಲ್ಲ. ರಾಳದ ಅಂಟು ಹಾಕಿದ್ದರೆ ಫೀನಾಲ್ ಇರಬಹುದು, ಹಿತ್ತಾಳೆ, ಕಂಚು ಎರಕ ಹೊಯ್ದ ಮರಳಾದರೆ ಸೀಸ, ತಾಮ್ರ ಇರಬಹುದು. ಫಲಿತಾಂಶ ಬರುವ ತನಕ ಸೊಪ್ಪನ್ನು ಬೇರೆ ಕಡೆ ಮಣ್ಣು ತುಂಬಿದ ಚೀಲದಲ್ಲಿ ಬೆಳೆಸಿ, ಮಕ್ಕಳು ಅಲ್ಲಿ ಆಡಿದರೆ ಕೈ ತೊಳೆಸಿ. ಸ್ಯಾಂಪಲ್ ಕಳಿಸುವುದಾದರೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕಳಿಸಿ. ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿಯಲ್ಲಿ ಗೊಬ್ಬರದ ಅಂಶ ಮಾತ್ರ ಬರುತ್ತೆ, ಸೀಸ, ಪಾದರಸ ಬರುವುದಿಲ್ಲ. ಒಂದು ಮನೆಯವರು ಇಷ್ಟು ಖರ್ಚು ಮಾಡಬೇಕಾಗಿ ಬಂದಿರುವುದೇ ಅನ್ಯಾಯ. ಜಿಲ್ಲೆಗೆ ಎಕ್ಸ್‌ರೇ ಬಿಟ್ಟು ಲೋಹ ಅಳೆಯುವ ಒಂದು ಎಕ್ಸ್‌ಆರ್‌ಎಫ್ ಯಂತ್ರ ಕೊಟ್ಟರೆ, ಕೈಯಲ್ಲಿ ಹಿಡಿಯುವಂಥದ್ದು, ನೆಲಕ್ಕೆ ಹಿಡಿದ ಕೆಲವೇ ನಿಮಿಷದಲ್ಲಿ ಸೀಸ, ಸತು ಎಷ್ಟಿದೆ ಅಂತ ಅಂದಾಜು ತೋರಿಸುತ್ತೆ. ಕುವೆಂಪು ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿ ಇಲ್ಲೇ ಇದೆ, ಪರಿಸರ ವಿಜ್ಞಾನ ಓದುವ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಯಾವುದಿದೆ?

ಜನ್ನಾಪುರದವ:
ಸರಿ, ನಾನು ಒಂದು ಷರತ್ತಿನ ಮೇಲೆ ಸಹಿ ಹಾಕ್ತೀನಿ. ನಡೆಯುತ್ತಿರುವ ಘಟಕವನ್ನು ನಿಲ್ಲಿಸಲು ಈ ವರದಿ ಬಳಸಬಾರದು ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೀಬೇಕು. ಶುಚಿ ಮಾಡುವ ಕೆಲಸಕ್ಕೆ ಹೊರಗಿನವರನ್ನು ತರುವ ಮುಂಚೆ ನಮ್ಮ ಹುಡುಗರಿಗೆ ತರಬೇತಿ ಕೊಡಬೇಕು, ಮಾಸ್ಕು, ಬೂಟು, ವಿಮೆ ಸಮೇತ. ಗುತ್ತಿಗೆ ಹುಡುಗರ ಕೈಲಿ ಬರಿಗೈಯಲ್ಲಿ ಅಗೆಸುವುದಾದರೆ ಬೇಡವೇ ಬೇಡ.

ಗೋಪಾಳದವ:
ನನ್ನದೂ ಒಂದು. ಪರೀಕ್ಷೆಗೆ ಹಾಕಿದ ಪ್ರತಿ ರೂಪಾಯಿ ಆ ಜಾಗದ ಹೆಸರಿನಲ್ಲಿ ಬಾಕಿ ಅಂತ ದಾಖಲಾಗಲಿ. ಮಾರಿದ ದಿನ ಮೊದಲು ಆ ಬಾಕಿ ಸರ್ಕಾರಕ್ಕೆ ಬರಲಿ, ಆ ದುಡ್ಡು ಮುಂದಿನ ಜಾಗದ ಪರೀಕ್ಷೆಗೆ ಹೋಗಲಿ. ಹಾಗಾದರೆ ನನ್ನ ತಕರಾರಿಲ್ಲ.

ಸಾಗರದ ವಕೀಲೆ:
ಎರಡೂ ಸೇರಿಸುತ್ತೇನೆ. ಅರ್ಜಿ ಡಿಸಿಯವರಿಗೆ, ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಯ ಶಿವಮೊಗ್ಗ ಕಚೇರಿಗೆ, ಸೂಡಾಗೆ, ಭದ್ರಾವತಿ ನಗರಸಭೆಗೆ. ಕಂಪನಿಗಳ ಮೇಲೆ ಆರೋಪ ಮಾಡುವ ಭಾಷೆ ಬೇಡ. ಇಂಥ ಸರ್ವೆ ನಂಬರಿನಲ್ಲಿ ಇಂಥ ಕೆಲಸ ಇಷ್ಟು ವರ್ಷ ನಡೆದಿದೆ, ಶಂಕಿತ ಜಾಗಗಳ ಪಟ್ಟಿಗೆ ಸೇರಿಸಿ ಪರೀಕ್ಷಿಸಿ, ಇಷ್ಟೇ. ಸರ್ವೆ ನಂಬರ್ ಇಲ್ಲದ ಅರ್ಜಿ ಕಡತದಲ್ಲೇ ಕೊಳೆಯುತ್ತೆ, ಹಾಗಾಗಿ ಜಾಗ ಹೇಳುವವರು ಆರ್‌ಟಿಸಿ ಅಥವಾ ಖಾತೆ ನಕಲು ಕೊಡಿ.

ನಿವೃತ್ತ ಫಿಟ್ಟರ್:
ಭಾನುವಾರ ಬೆಳಿಗ್ಗೆ ನಮ್ಮ ಹಳೇ ಸ್ನೇಹಿತರು ನಾಲ್ಕು ಜನ ನಮ್ಮ ಮನೆಯಲ್ಲಿ ಸೇರುತ್ತೇವೆ. ಯಾವ ಶೆಡ್ಡು ಎಲ್ಲಿತ್ತು, ತೊಟ್ಟಿ ಎಲ್ಲಿತ್ತು ಅಂತ ದೊಡ್ಡ ಹಾಳೆಯಲ್ಲಿ ಬರೆದು ಫೋಟೋ ಹಾಕುತ್ತೇನೆ. ಡ್ರಾಯಿಂಗ್ ಆಫೀಸಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅಥವಾ ಹಳೇ ಬ್ಲೂಪ್ರಿಂಟ್ ಮನೆಯ ಅಟ್ಟದಲ್ಲಿ ಇದ್ದರೆ ಇಲ್ಲೇ ತಿಳಿಸಿ, ನಾನೇ ಬಂದು ನೋಡುತ್ತೇನೆ.